ಎದೆಯ ಎಕ್ಸ್-ರೇಯಲ್ಲಿ ಕಣ್ತಪ್ಪಿದ್ದೆಷ್ಟು? ಲೆಕ್ಕ ಹಾಕುವುದೇ ಕಷ್ಟ

ಎದೆಯ ಎಕ್ಸ್-ರೇ ನೋಡುವಾಗ ರೇಡಿಯಾಲಜಿಸ್ಟ್‌ಗಳು ಎಷ್ಟು ಸಲ ಕಾಯಿಲೆಯ ಗುರುತನ್ನು ಕಾಣದೆ ಬಿಡುತ್ತಾರೆ? ಈ ಪ್ರಶ್ನೆಗೆ ಎರಡು ಉತ್ತರಗಳು ಮತ್ತೆ ಮತ್ತೆ ಕೇಳಿಬರುತ್ತವೆ. ನೂರಕ್ಕೆ 3ರಿಂದ 5 ಅನ್ನುವವರಿದ್ದಾರೆ. ನೂರಕ್ಕೆ 30 ಅನ್ನುವವರೂ ಇದ್ದಾರೆ. ಒಂದೇ ಕೆಲಸದ ಬಗ್ಗೆ ಇಷ್ಟು ಅಂತರದ ಎರಡು ಸಂಖ್ಯೆ ಕೇಳಿದರೆ ಯಾರೋ ಒಬ್ಬರದು ತಪ್ಪಿರಬೇಕು ಅನಿಸುವುದು ಸಹಜ. ಆದರೆ ಎರಡೂ ನಿಜವಾಗಿರಬಹುದು. ಒಬ್ಬರೇ ವೈದ್ಯರು ಒಂದೇ ವಾರ ಮಾಡಿದ ಕೆಲಸಕ್ಕೂ ಎರಡೂ ಒಪ್ಪಬಹುದು.

ಹೇಗೆ ಅಂತ ನೋಡಿ. 1,000 ಎಕ್ಸ್-ರೇಗಳಿವೆ ಅಂದುಕೊಳ್ಳೋಣ. ಅದರಲ್ಲಿ 100ರಲ್ಲಿ ಏನೋ ತೊಂದರೆ ಇದೆ, ಉಳಿದ 900 ಸರಿಯಾಗಿವೆ. ವೈದ್ಯರು ಆ 100ರಲ್ಲಿ 70ನ್ನು ಹಿಡಿದರು, 30 ಬಿಟ್ಟುಹೋದವು. ಸರಿಯಿದ್ದ 900ನ್ನೂ ಸರಿ ಎಂದೇ ಬರೆದರು. ಒಟ್ಟು 1,000 ಚಿತ್ರಕ್ಕೆ 30 ತಪ್ಪು. ಅಂದರೆ ಶೇ. 3. ಆದರೆ ತೊಂದರೆ ಇದ್ದ 100 ಚಿತ್ರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಶೇ. 30. ಭಿನ್ನರಾಶಿಯ ಮೇಲಿನ ಸಂಖ್ಯೆ ಅದೇ 30. ಕೆಳಗಿನ ಛೇದ ಬದಲಾಗಿದೆ, ಅಷ್ಟೇ.

ಶೇ. 3 ಅನ್ನುವುದು ಆಸ್ಪತ್ರೆಗೆ ನೆಮ್ಮದಿ ಕೊಡುವ ಸಂಖ್ಯೆ. ಶೇ. 30 ಅನ್ನುವುದು ರೋಗಿಗೆ ಬೇಕಾದ ಸಂಖ್ಯೆ. ಯಾಕೆಂದರೆ ಶ್ವಾಸಕೋಶದಲ್ಲಿ ಗಂಟು ಇರುವವರು ಕೇಳುವುದು ಒಂದೇ: ‘ನನ್ನಂಥವರ ಚಿತ್ರದಲ್ಲಿ ಇದು ಎಷ್ಟು ಸಲ ಕಾಣದೆ ಹೋಗುತ್ತದೆ?’ ಏನೂ ಇಲ್ಲದ 900 ಜನರಿಗೆ ಏನೂ ಇಲ್ಲ ಎಂದು ಸರಿಯಾಗಿ ಹೇಳಿದ್ದು ಒಳ್ಳೆಯದೇ, ಆದರೆ ಅದು ಈ ಪ್ರಶ್ನೆಗೆ ಉತ್ತರವಲ್ಲ.

ಈ ವಿಷಯ ಈಗ ಮುಖ್ಯವಾಗಲು ಒಂದು ಕಾರಣವಿದೆ. ಎಕ್ಸ್-ರೇ ಓದುವ ಎಐ ಸಾಫ್ಟ್‌ವೇರ್‌ಗಳು ಆಸ್ಪತ್ರೆಗಳಿಗೆ ಬರುತ್ತಿವೆ. ಮನುಷ್ಯರು ಇಷ್ಟು ಬಿಡುತ್ತಾರೆ, ನಮ್ಮದು ಇಷ್ಟನ್ನು ಹಿಡಿಯುತ್ತದೆ ಎಂಬ ಮಾತಿನ ಮೇಲೆಯೇ ಅವು ಮಾರಾಟವಾಗುತ್ತವೆ. ಆ ‘ಇಷ್ಟು’ ಎಲ್ಲಿಂದ ಬಂತು ಅಂತ ಕೇಳದೆ ದುಡ್ಡು ಹಾಕುವುದು, ವೈದ್ಯರನ್ನು ದೂರುವುದು ಎರಡೂ ತಪ್ಪಾಗುತ್ತದೆ.

ಫಿಲ್ಮಿನ ಗಾತ್ರ ಹುಡುಕಲು ಹೋಗಿ

ಕಣ್ತಪ್ಪುವುದನ್ನು ಅಳೆಯುವ ಕೆಲಸ ಶುರುವಾದದ್ದು ಬೇರೆಯೇ ಪ್ರಶ್ನೆಯಿಂದ. 1940ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಸಾಮೂಹಿಕವಾಗಿ ಎದೆಯ ಎಕ್ಸ್-ರೇ ತೆಗೆಯುತ್ತಿದ್ದರು. ದೊಡ್ಡ ಫಿಲ್ಮ್ ದುಬಾರಿ. 35 ಮಿ.ಮೀ.ನ ಸಣ್ಣ ಫಿಲ್ಮ್ ಅಗ್ಗ. ಸಣ್ಣದರಲ್ಲಿ ಕ್ಷಯ ಕಾಣದೆ ಹೋಗುತ್ತದೆಯೇ ಎಂಬುದು ಆಗಿನ ಚಿಂತೆ. 1,256 ಜನರ ಎದೆಯ ಚಿತ್ರಗಳನ್ನು ನಾಲ್ಕು ವಿಧಾನದಲ್ಲಿ ತೆಗೆದು, ಐವರು ಪರಿಣತರಿಗೆ ಬೇರೆ ಬೇರೆಯಾಗಿ ಓದಲು ಕೊಟ್ಟರು. 1947ರಲ್ಲಿ ಫಲಿತಾಂಶ ಪ್ರಕಟವಾಯಿತು. ಫಿಲ್ಮಿಗೂ ಫಿಲ್ಮಿಗೂ ಇದ್ದ ವ್ಯತ್ಯಾಸಕ್ಕಿಂತ ಓದುಗರಿಗೂ ಓದುಗರಿಗೂ ಇದ್ದ ವ್ಯತ್ಯಾಸವೇ ದೊಡ್ಡದಾಗಿತ್ತು. ಅದಷ್ಟೇ ಅಲ್ಲ, ಅದೇ ಫಿಲ್ಮನ್ನು ಅದೇ ವೈದ್ಯರಿಗೆ ಇನ್ನೊಮ್ಮೆ ಕೊಟ್ಟರೆ ಅವರ ಉತ್ತರವೂ ಎಷ್ಟೋ ಸಲ ಬದಲಾಗುತ್ತಿತ್ತು.

ಆ ತಂಡದಲ್ಲಿ ಜೇಕಬ್ ಯೆರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞರಿದ್ದರು. ಈ ಗೊಂದಲವನ್ನು ಬಿಡಿಸಲು ಅವರು ಎರಡು ಅಳತೆಗಳನ್ನು ಬೇರ್ಪಡಿಸಿದರು. ರೋಗ ಇರುವವರಲ್ಲಿ ಎಷ್ಟು ಜನರನ್ನು ಹಿಡಿದಿರಿ? ಅದು ಸೆನ್ಸಿಟಿವಿಟಿ. ರೋಗ ಇಲ್ಲದವರಲ್ಲಿ ಎಷ್ಟು ಜನರಿಗೆ ಇಲ್ಲ ಎಂದು ಸರಿಯಾಗಿ ಹೇಳಿದಿರಿ? ಅದು ಸ್ಪೆಸಿಫಿಸಿಟಿ. ಇವತ್ತು ರಕ್ತ ಪರೀಕ್ಷೆಯಿಂದ ಕೋವಿಡ್ ಕಿಟ್‌ವರೆಗೆ ಎಲ್ಲದಕ್ಕೂ ಬಳಸುವ ಈ ಎರಡು ಅಳತೆಗಳು ವೈದ್ಯಕೀಯದಲ್ಲಿ ನೆಲೆಯೂರಿದ್ದು ಎದೆಯ ಎಕ್ಸ್-ರೇ ಓದುವವರ ಜಗಳ ಬಿಡಿಸುವಾಗ.

1949ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರೇಡಿಯಾಲಜಿಸ್ಟ್ ಹೆನ್ರಿ ಗಾರ್ಲಂಡ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಬರೆದರು. ರೋಗದ ಗುರುತಿರುವ ಫಿಲ್ಮ್‌ಗಳಲ್ಲಿ ಸುಮಾರು ಶೇ. 30ರಷ್ಟು ಅನುಭವಿಗಳ ಕಣ್ಣಿಗೂ ಬೀಳುತ್ತಿರಲಿಲ್ಲ. ತಮ್ಮದೇ ವೃತ್ತಿಯ ಬಗ್ಗೆ ಇಂಥ ಸಂಖ್ಯೆಯನ್ನು ಹೊರಗಿಡಲು ಧೈರ್ಯ ಬೇಕು. ಈಗ ಕೇಳಿಬರುವ ‘ನೂರಕ್ಕೆ 30’ ಹುಟ್ಟಿದ್ದು ಅಲ್ಲಿ. ಆಮೇಲೆ ಫಿಲ್ಮ್ ಹೋಗಿ ಕಂಪ್ಯೂಟರ್ ಪರದೆ ಬಂತು. ಚಿತ್ರದ ಗುಣಮಟ್ಟ ತುಂಬಾ ಸುಧಾರಿಸಿತು. ಆದರೂ ಅಳೆದಾಗಲೆಲ್ಲ ಆ ಸಂಖ್ಯೆಯ ಸುತ್ತಮುತ್ತಲೇ ಉತ್ತರ ಬರುವುದು ಮುಂದುವರಿದಿದೆ.

ಕಣ್ಣು ಎಲ್ಲಿ ಸೋಲುತ್ತದೆ

ಎದೆ ಮೂರು ಆಯಾಮದ್ದು, ಚಿತ್ರ ಎರಡು ಆಯಾಮದ್ದು. ಪಕ್ಕೆಲುಬು, ಕೊರಳೆಲುಬು, ಹೃದಯ, ದೊಡ್ಡ ರಕ್ತನಾಳಗಳು, ವಪೆ ಎಲ್ಲವೂ ಒಂದರ ಮೇಲೊಂದು ಬಂದು ಕೂರುತ್ತವೆ. ಮುಂದಿನಿಂದ ತೆಗೆದ ಚಿತ್ರದಲ್ಲಿ ಶ್ವಾಸಕೋಶದ ಸುಮಾರು ಕಾಲು ಭಾಗ ಹೃದಯದ ಹಿಂದೆಯೋ ವಪೆಯ ಕೆಳಗೋ ಮರೆಯಾಗಿರುತ್ತದೆ. ಕೊರಳೆಲುಬಿನ ಹಿಂದಿನ ಶ್ವಾಸಕೋಶದ ತುದಿ, ಹೃದಯದ ಹಿಂಭಾಗ, ಶ್ವಾಸಕೋಶದ ಬುಡದಲ್ಲಿ ರಕ್ತನಾಳಗಳು ಸೇರುವ ಜಾಗ, ಇವು ಕಣ್ತಪ್ಪಿಗೆ ಹೆಸರಾದ ಜಾಗಗಳು. ಕಣ್ತಪ್ಪಿದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಮೇಲ್ಭಾಗದಲ್ಲೇ ಇರುತ್ತವೆ.

ಆದರೆ ಮರೆಯಾಗಿರುವುದೊಂದೇ ಕಾರಣವಲ್ಲ. ಹೆರಾಲ್ಡ್ ಕುಂಡೆಲ್ ಮತ್ತು ಕ್ಯಾಲ್ವಿನ್ ನೊಡಿನ್ 1970ರ ದಶಕದಲ್ಲಿ ರೇಡಿಯಾಲಜಿಸ್ಟ್‌ಗಳ ಕಣ್ಣಿನ ಚಲನೆಯನ್ನೇ ದಾಖಲಿಸಿದರು. ಗಂಟು ಕಾಣದೆ ಹೋದಾಗ ಕಣ್ಣು ಎಲ್ಲಿತ್ತು ಎಂದು ನೋಡಿದರು. 1978ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ. ಸುಮಾರು ಶೇ. 30ರಷ್ಟು ಸಲ ಕಣ್ಣು ಆ ಜಾಗಕ್ಕೆ ಹೋಗಿರಲೇ ಇಲ್ಲ. ಇನ್ನು ಶೇ. 25ರಷ್ಟು ಸಲ ಕಣ್ಣು ಹಾದುಹೋಗಿತ್ತು, ಆದರೆ ಗುರುತು ಹಿಡಿಯುವಷ್ಟು ಹೊತ್ತು ನಿಂತಿರಲಿಲ್ಲ. ಉಳಿದ ಶೇ. 45ರಷ್ಟು ಸಲ ಕಣ್ಣು ಅಲ್ಲೇ ನಿಂತಿತ್ತು. ನೋಡಿಯೂ ಅದು ಗಂಟಲ್ಲ ಎಂದು ಬಿಟ್ಟಿದ್ದರು.

ನನಗೆ ಈ ಮೂರನೆಯದು ಬಹಳ ಮುಖ್ಯ ಅನಿಸುತ್ತದೆ. ಕಣ್ತಪ್ಪು ಎಂದ ಕೂಡಲೇ ‘ಸರಿಯಾಗಿ ನೋಡಿಲ್ಲ’ ಎಂದು ನಾವು ಅಂದುಕೊಳ್ಳುತ್ತೇವೆ ಅಲ್ವಾ? ಅರ್ಧದಷ್ಟು ಸಲ ನೋಡಿರುತ್ತಾರೆ. ಎರಡು ಪಕ್ಕೆಲುಬುಗಳು ದಾಟುವ ಜಾಗದ ನೆರಳು, ತುದಿಯಿಂದ ಕಂಡ ರಕ್ತನಾಳ, ಹಳೆಯ ಗಾಯದ ಕಲೆ, ಇವೆಲ್ಲ ಗಂಟಿನ ಹಾಗೇ ಕಾಣುತ್ತವೆ. ಎಲ್ಲವನ್ನೂ ಗಂಟು ಎಂದು ಬರೆದರೆ ಏನೂ ಇಲ್ಲದ ನೂರಾರು ಜನ ಸಿ.ಟಿ. ಸ್ಕ್ಯಾನ್‌ಗೆ ಅಲೆಯಬೇಕಾಗುತ್ತದೆ. ಹಾಗಾಗಿ ವೈದ್ಯರು ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಗೆರೆ ಎಳೆದ ಮೇಲೆ ಕೆಲವು ನಿಜವಾದ ಗಂಟುಗಳು ಆಚೆ ಬದಿಗೆ ಬೀಳುತ್ತವೆ. ಬಿಟ್ಟುಹೋದದ್ದನ್ನು ಮಾತ್ರ ಎಣಿಸಿ, ಸುಮ್ನೆ ಗಾಬರಿ ಹುಟ್ಟಿಸಿದ್ದನ್ನು ಎಣಿಸದಿದ್ದರೆ ಅಳತೆ ಅರ್ಧವಾಗುತ್ತದೆ. ಎರಡನೇ ಮಹಾಯುದ್ಧದ ರೇಡಾರ್ ಕೆಲಸದಿಂದ ಹುಟ್ಟಿದ ಆರ್‌ಒಸಿ ವಕ್ರರೇಖೆಯನ್ನು ಲೀ ಲಸ್ಟೆಡ್ 1960ರಲ್ಲಿ ರೇಡಿಯಾಲಜಿಗೆ ತಂದದ್ದು ಇದಕ್ಕಾಗಿಯೇ. ಗೆರೆಯನ್ನು ಅತ್ತಿತ್ತ ಸರಿಸಿದಾಗ ಎರಡೂ ತಪ್ಪುಗಳು ಹೇಗೆ ಏರಿಳಿಯುತ್ತವೆ ಎಂಬುದನ್ನು ಅದು ಒಟ್ಟಿಗೆ ತೋರಿಸುತ್ತದೆ.

ಇನ್ನೊಂದು ಬಲೆಯೂ ಇದೆ. ಚಿತ್ರದಲ್ಲಿ ಒಂದು ತೊಂದರೆ ಸಿಕ್ಕ ಕೂಡಲೇ ಹುಡುಕಾಟ ಸಡಿಲವಾಗುತ್ತದೆ. ನ್ಯುಮೋನಿಯಾ ಕಂಡಿತು, ಅದರ ಪಕ್ಕದ ಸಣ್ಣ ಗಂಟು ಉಳಿದುಹೋಯಿತು. ಇದು 1960ರ ದಶಕದಿಂದಲೇ ಗೊತ್ತಿರುವ ವಿಷಯ. ಆದರೆ ನಮ್ಮ ಅಳತೆಗಳು ಇದನ್ನು ಎಷ್ಟೋ ಸಲ ಕಾಣುವುದೇ ಇಲ್ಲ. ‘ಈ ಚಿತ್ರ ಅಸಹಜ’ ಎಂದು ವೈದ್ಯರು ಬರೆದರೆ, ಚಿತ್ರ ನಿಜಕ್ಕೂ ಅಸಹಜವಾಗಿದ್ದರೆ, ಲೆಕ್ಕದಲ್ಲಿ ಅದು ಸರಿ ಉತ್ತರ. ಹಳೆಯ ಪಕ್ಕೆಲುಬಿನ ಮುರಿತ ನೋಡಿ ಅಸಹಜ ಎಂದರೋ, ಕ್ಯಾನ್ಸರ್ ನೋಡಿ ಎಂದರೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಗುರುತು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರೆ ಮಾತ್ರ ಅಂಕ ಕೊಡುವ ವಿಧಾನಗಳಿವೆ. ಸಂಶೋಧನೆಯಲ್ಲಿ ಅವನ್ನು ಬಳಸುತ್ತಾರೆ. ಆಸ್ಪತ್ರೆಯ ದಿನನಿತ್ಯದ ಲೆಕ್ಕದಲ್ಲಿ ಅವು ಅಪರೂಪ.

ಸತ್ಯ ಯಾರ ಕೈಯಲ್ಲಿದೆ

ಕಣ್ತಪ್ಪಿದೆ ಎನ್ನಬೇಕಾದರೆ ಅಲ್ಲಿ ಏನೋ ಇತ್ತು ಎಂದು ಗೊತ್ತಿರಬೇಕು. ಗೊತ್ತುಮಾಡಿಕೊಳ್ಳುವುದು ಹೇಗೆ? ಇಡೀ ವಿಷಯದ ತೊಡಕು ಇರುವುದು ಇಲ್ಲೇ.

ಸುಲಭದ ದಾರಿ, ಇನ್ನೊಬ್ಬ ರೇಡಿಯಾಲಜಿಸ್ಟ್‌ಗೆ ತೋರಿಸುವುದು. ಆದರೆ ಇಬ್ಬರೂ ಅದೇ ಜಾಗದಲ್ಲಿ ಸೋಲಬಹುದು. ಹೃದಯದ ಹಿಂದಿನ ಗಂಟು ಮೊದಲನೆಯವರಿಗೆ ಕಾಣದಿದ್ದರೆ ಎರಡನೆಯವರಿಗೂ ಕಾಣುವ ಸಾಧ್ಯತೆ ಕಡಿಮೆ. ಇಬ್ಬರೂ ಒಪ್ಪಿದರು ಎಂದರೆ ಒಪ್ಪಿದರು, ಅಷ್ಟೇ. ಅದು ಸತ್ಯವಾಗಬೇಕಿಲ್ಲ.

ಸಿ.ಟಿ. ಸ್ಕ್ಯಾನ್‌ಗೆ ಹೋಲಿಸಿದರೆ ಬಹಳ ಒಳ್ಳೆಯದು. ಬಯಾಪ್ಸಿ ಇನ್ನೂ ಗಟ್ಟಿ. ಆದರೆ ಸಿ.ಟಿ. ಯಾರಿಗೆ ಆಗುತ್ತದೆ? ಎಕ್ಸ್-ರೇಯಲ್ಲಿ ಏನೋ ಕಂಡವರಿಗೆ. ‘ನಾರ್ಮಲ್’ ಎಂದು ರಿಪೋರ್ಟ್ ಬಂದವರು ಮನೆಗೆ ಹೋಗುತ್ತಾರೆ. ಕಣ್ತಪ್ಪಿದ್ದೆಲ್ಲ ಇರುವುದು ಆ ಮನೆಗೆ ಹೋದವರ ಗುಂಪಿನಲ್ಲೇ. ಅಲ್ಲಿ ಯಾರೂ ಹುಡುಕುವುದಿಲ್ಲ.

ಇದರಿಂದ ಲೆಕ್ಕ ಎಷ್ಟು ಕೆಡುತ್ತದೆ ಎಂಬುದಕ್ಕೆ ಮೊದಲಿನ 1,000 ಚಿತ್ರಗಳಿಗೇ ಬರೋಣ. 70 ಹಿಡಿದಿದ್ದರು, 30 ಬಿಟ್ಟಿದ್ದರು. ಬಿಟ್ಟುಹೋದ 30 ಜನರಲ್ಲಿ 5 ಮಂದಿ ಮಾತ್ರ ಕಾಯಿಲೆ ಜಾಸ್ತಿಯಾಗಿ ಅದೇ ಆಸ್ಪತ್ರೆಗೆ ಮರಳಿದರು ಅಂದುಕೊಳ್ಳಿ. ಉಳಿದವರಲ್ಲಿ ಕೆಲವರು ಬೇರೆ ಆಸ್ಪತ್ರೆಗೆ ಹೋದರು, ಕೆಲವರ ತೊಂದರೆ ತಾನಾಗಿ ವಾಸಿಯಾಯಿತು, ಕೆಲವರ ವಿಷಯ ಯಾರಿಗೂ ತಿಳಿಯಲಿಲ್ಲ. ಈಗ ಆಸ್ಪತ್ರೆಗೆ ಗೊತ್ತಿರುವುದು 75 ರೋಗಿಗಳು, 5 ತಪ್ಪುಗಳು. ಶೇ. 7ಕ್ಕಿಂತ ಕಡಿಮೆ. ಯಾರೂ ಮೋಸ ಮಾಡಿಲ್ಲ. ಗೊತ್ತಿದ್ದನ್ನು ಪ್ರಾಮಾಣಿಕವಾಗಿ ಎಣಿಸಿದ್ದಾರೆ. ಆದರೂ ಶೇ. 30 ಇದ್ದದ್ದು ಶೇ. 7 ಆಗಿ ಕಾಣುತ್ತಿದೆ. ಇನ್ನೂ ಬೇಸರದ ಮಾತೆಂದರೆ, ನಾರ್ಮಲ್ ಆದವರನ್ನು ಹಿಂಬಾಲಿಸಿ ವಿಚಾರಿಸುವ ಒಳ್ಳೆಯ ಆಸ್ಪತ್ರೆಯ ಅಂಕಿ ಕೆಟ್ಟದಾಗಿ ಕಾಣುತ್ತದೆ. ವಿಚಾರಿಸದ ಆಸ್ಪತ್ರೆಯದು ಚೆನ್ನಾಗಿ ಕಾಣುತ್ತದೆ.

ಇನ್ನೊಂದು ದಾರಿ, ಹಿಂದಕ್ಕೆ ನೋಡುವುದು. ಇವತ್ತು ಕ್ಯಾನ್ಸರ್ ಪತ್ತೆಯಾದವರ ಹಳೆಯ ಎಕ್ಸ್-ರೇಗಳನ್ನು ತೆಗೆದು, ಅಲ್ಲೇ ಇತ್ತೇ ಎಂದು ಹುಡುಕುವುದು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಡೆದ ಶ್ವಾಸಕೋಶ ಕ್ಯಾನ್ಸರ್ ಯೋಜನೆಯ 1983ರ ವರದಿಯೊಂದು ಹೀಗೆ ಮಾಡಿತ್ತು. ಶ್ವಾಸಕೋಶದ ಹೊರಭಾಗದಲ್ಲಿದ್ದ 50 ಕ್ಯಾನ್ಸರ್‌ಗಳಲ್ಲಿ 45 ಹಿಂದಿನ ಚಿತ್ರಗಳಲ್ಲೂ ಕಾಣುತ್ತಿದ್ದವು. ಶೇ. 90! ಆದರೆ 1999ರಲ್ಲಿ ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಿಂದ ಬಂದ ಅಧ್ಯಯನದಲ್ಲಿ ಕಣ್ತಪ್ಪಿದ ಪ್ರಮಾಣ ಶೇ. 19: 259 ರೋಗಿಗಳಲ್ಲಿ 49. ಹಾಗೆ ಬಿಟ್ಟುಹೋದ ಗಂಟುಗಳ ನಡುಮಟ್ಟದ ಗಾತ್ರ 16 ಮಿ.ಮೀ. ಸಣ್ಣದೇನಲ್ಲ.

90 ಎಲ್ಲಿ, 19 ಎಲ್ಲಿ? ಒಂದರಲ್ಲಿ ಕೇಳಿದ್ದು, ಎಲ್ಲಿದೆ ಎಂದು ಗೊತ್ತಾದ ಮೇಲೆ ಹಳೆಯ ಚಿತ್ರದಲ್ಲಿ ಅದರ ಸುಳಿವಾದರೂ ಕಾಣುತ್ತದೆಯೇ ಎಂದು. ಇನ್ನೊಂದರಲ್ಲಿ, ದಿನನಿತ್ಯದ ಕೆಲಸದಲ್ಲಿ ಕಾಣಬೇಕಾಗಿದ್ದ ಗಂಟು ಎಷ್ಟು ಸಲ ಬಿಟ್ಟುಹೋಯಿತು ಎಂದು. ಉತ್ತರ ಗೊತ್ತಿದ್ದವರಿಗೆ ಮಸುಕು ನೆರಳು ಕೂಡ ಸ್ಪಷ್ಟವಾಗಿ ಕಾಣುತ್ತದೆ. ಕೋರ್ಟಿನಲ್ಲಿ ಹಳೆಯ ಎಕ್ಸ್-ರೇಯನ್ನು ಎತ್ತಿ ಹಿಡಿದು ‘ಇಲ್ಲೇ ಇತ್ತಲ್ಲ’ ಎನ್ನುವುದು ಸುಲಭ. ಆ ನೆರಳು ಇನ್ನೂ ನೂರು ಚಿತ್ರಗಳ ನಡುವೆ, ರೋಗಿಯ ಮುಂದಿನ ಕಥೆ ಗೊತ್ತಿಲ್ಲದೆ ಬಂದಾಗ ಎಷ್ಟು ಜನರಿಗೆ ಕಾಣುತ್ತಿತ್ತು ಎಂಬುದು ಸರಿಯಾದ ಪ್ರಶ್ನೆ. ಅದನ್ನು ಪರೀಕ್ಷಿಸಬಹುದು ಕೂಡ. ಆ ಹಳೆಯ ಚಿತ್ರವನ್ನು ಬೇರೆ ಚಿತ್ರಗಳ ಜೊತೆ ಬೆರೆಸಿ, ವಿಷಯ ತಿಳಿಸದೆ ಹತ್ತು ಜನ ರೇಡಿಯಾಲಜಿಸ್ಟ್‌ಗಳಿಗೆ ಕೊಟ್ಟು ನೋಡಬೇಕು. ಹತ್ತರಲ್ಲಿ ಒಂಬತ್ತು ಜನ ಹಿಡಿದರೆ ಅದು ಕಣ್ತಪ್ಪು. ಇಬ್ಬರು ಮಾತ್ರ ಹಿಡಿದರೆ ಆ ಚಿತ್ರವೇ ಅಷ್ಟು ಕಷ್ಟದ್ದು.

ಚಿತ್ರದಲ್ಲೇ ಇಲ್ಲದಿದ್ದುದನ್ನು ಯಾರೂ ಹಿಡಿಯಲಾರರು ಎಂಬುದನ್ನೂ ಮರೆಯಬಾರದು. ರೋಗಲಕ್ಷಣ ಇರುವವರಲ್ಲಿ ಶ್ವಾಸಕೋಶ ಕ್ಯಾನ್ಸರ್ ಪತ್ತೆಗೆ ಎದೆಯ ಎಕ್ಸ್-ರೇಯ ಸೆನ್ಸಿಟಿವಿಟಿ ಶೇ. 77ರಿಂದ 80 ಎಂದು 2019ರ ಸಮಗ್ರ ವಿಮರ್ಶೆಯೊಂದು ಹೇಳಿತು. ಉಳಿದ ಐದನೇ ಒಂದು ಭಾಗದಲ್ಲಿ ಕಣ್ತಪ್ಪಿದ್ದೂ ಇದೆ, ಎಕ್ಸ್-ರೇಗೆ ಕಾಣಿಸುವ ಶಕ್ತಿಯೇ ಇಲ್ಲದ್ದೂ ಇದೆ. ಮೊದಲನೆಯದಕ್ಕೆ ಓದುವ ಕ್ರಮ ಸುಧಾರಿಸಬೇಕು. ಎರಡನೆಯದಕ್ಕೆ ಸಿ.ಟಿ. ಬೇಕು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ವೈದ್ಯರ ತಪ್ಪು ಎಂದು ಕರೆದರೆ ಅನ್ಯಾಯ. ಎಕ್ಸ್-ರೇ ಮಿತಿ ಎಂದು ಎಲ್ಲವನ್ನೂ ತಳ್ಳಿಹಾಕಿದರೂ ಅನ್ಯಾಯವೇ.

ಯಾವುದನ್ನು ಅಸಹಜ ಅನ್ನೋಣ

2023ರಲ್ಲಿ ಡೆನ್ಮಾರ್ಕ್‌ನಿಂದ ಬಂದ ಅಧ್ಯಯನವೊಂದು ಈ ಚರ್ಚೆಗೆ ತುಂಬಾ ಉಪಯೋಗವಾಗುತ್ತದೆ. 1,529 ರೋಗಿಗಳ ಎದೆಯ ಎಕ್ಸ್-ರೇಗಳು. ಎದೆಯ ಚಿತ್ರಗಳಲ್ಲಿ ವಿಶೇಷ ಪರಿಣತಿ ಇರುವ ರೇಡಿಯಾಲಜಿಸ್ಟ್‌ಗಳು ಅವನ್ನು ಮತ್ತೆ ಓದಿ ಸತ್ಯ ನಿರ್ಣಯಿಸಿದರು. ಆಸ್ಪತ್ರೆಯ ಮೂಲ ರಿಪೋರ್ಟ್‌ಗಳು ಅಸಹಜ ಚಿತ್ರಗಳಲ್ಲಿ ಸುಮಾರು ಶೇ. 72ನ್ನು ಹಿಡಿದಿದ್ದವು. ಎಐ ಶೇ. 99ನ್ನು ಹಿಡಿಯಿತು. ಇಷ್ಟೇ ಓದಿದರೆ ಮನುಷ್ಯರು ಮನೆಗೆ ಹೋಗಬಹುದು ಅನಿಸುತ್ತದೆ.

ಆದರೆ ಅದೇ ಅಧ್ಯಯನದಲ್ಲಿ ತುರ್ತು ಗಮನ ಬೇಕಾದ ಗಂಭೀರ ಅಸಹಜತೆಗಳನ್ನಷ್ಟೇ ಎಣಿಸಿದರೆ ರೇಡಿಯಾಲಜಿಸ್ಟ್‌ಗಳ ರಿಪೋರ್ಟ್ ಶೇ. 93ಕ್ಕೂ ಹೆಚ್ಚನ್ನು ಹಿಡಿದಿತ್ತು. 72 ಇದ್ದದ್ದು 93 ಆಯಿತು. ವೈದ್ಯರು ಅವರೇ, ಚಿತ್ರಗಳು ಅವೇ, ಅಸಹಜ ಎಂಬುದರ ಅರ್ಥ ಮಾತ್ರ ಬೇರೆ. ರಿಪೋರ್ಟ್‌ನಲ್ಲಿ ಬರೆಯದೆ ಬಿಟ್ಟದ್ದೆಲ್ಲ ಕಾಣದೆ ಹೋದದ್ದಲ್ಲ ಎಂಬುದೂ ಇಲ್ಲಿ ಸೇರಿಕೊಂಡಿದೆ. ವಯಸ್ಸಾದವರ ಬೆನ್ನೆಲುಬಿನ ಸವೆತವನ್ನೋ, ವರ್ಷಗಳಿಂದ ಹಾಗೇ ಇರುವ ಕಲೆಯನ್ನೋ ವೈದ್ಯರು ನೋಡಿದ್ದರೂ ಬರೆಯದಿರಬಹುದು. ಜ್ವರಕ್ಕೆ ಕಾರಣ ಹುಡುಕುತ್ತಿರುವ ಡಾಕ್ಟರಿಗೆ ಅದು ಬೇಕಿಲ್ಲ.

ಎಐ ಕಡೆಯ ಲೆಕ್ಕವನ್ನೂ ಪೂರ್ತಿ ನೋಡಬೇಕು. ನಿಜವಾಗಿ ಸರಿಯಿದ್ದ 429 ಚಿತ್ರಗಳಲ್ಲಿ ಅದು ಧೈರ್ಯವಾಗಿ ನಾರ್ಮಲ್ ಎಂದದ್ದು 120ಕ್ಕೆ ಮಾತ್ರ. ಉಳಿದವು ಮನುಷ್ಯರು ನೋಡಬೇಕಾದ ರಾಶಿಗೇ ಬಿದ್ದವು. ಅನುಮಾನ ಬಂದದ್ದನ್ನೆಲ್ಲ ಎತ್ತಿ ತೋರಿಸಿದರೆ ಕಡಿಮೆ ಬಿಟ್ಟುಹೋಗುತ್ತದೆ. ಗೆರೆಯನ್ನು ಆ ಬದಿಗೆ ಸರಿಸಿದ್ದಾರೆ. ಈ ಅಧ್ಯಯನ ಮಾಡಿದವರು ಇದನ್ನು ಮುಚ್ಚಿಟ್ಟಿಲ್ಲ. ಸುರಕ್ಷಿತವಾಗಿ ನಾರ್ಮಲ್ ಎನ್ನಬಹುದಾದ ಚಿತ್ರಗಳನ್ನು ಬೇರ್ಪಡಿಸುವುದೇ ಅವರ ಉದ್ದೇಶ. ತೊಂದರೆ ಶುರುವಾಗುವುದು 72 ಮತ್ತು 99 ಎಂಬ ಎರಡು ಸಂಖ್ಯೆಗಳನ್ನಷ್ಟೇ ಕಿತ್ತು ಬೇರೆ ಕಡೆ ಅಂಟಿಸಿದಾಗ.

ಸಹೋದ್ಯೋಗಿಗಳ ವಿಮರ್ಶೆ

ದಿನನಿತ್ಯದ ಕೆಲಸದಲ್ಲಿ ಅಳೆಯುವ ಪ್ರಯತ್ನಗಳೂ ನಡೆದಿವೆ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2002ರಲ್ಲಿ ರಾಡ್‌ಪಿಯರ್ ಎಂಬ ವ್ಯವಸ್ಥೆ ಶುರುಮಾಡಿತು. ರೋಗಿಯ ಹೊಸ ಚಿತ್ರ ಓದುವಾಗ ಪಕ್ಕದಲ್ಲಿ ಹಳೆಯ ಚಿತ್ರವೂ ಹಳೆಯ ರಿಪೋರ್ಟೂ ಇರುತ್ತವಲ್ಲ, ಆ ಹಳೆಯ ರಿಪೋರ್ಟಿಗೆ ಅಂಕ ಕೊಡಿ ಎಂಬುದು ಅದರ ಉಪಾಯ. ಹೆಚ್ಚುವರಿ ಕೆಲಸ ಕಡಿಮೆ. ಹೀಗೆ ಸಿಗುವ ಭಿನ್ನಾಭಿಪ್ರಾಯದ ಪ್ರಮಾಣ ಶೇ. 3ರ ಆಸುಪಾಸು. ‘ನೂರಕ್ಕೆ 3’ ಬರುವ ಒಂದು ದಾರಿ ಇದು.

ಇದರ ಕೊರತೆ ಏನೆಂದು ನಿಮಗೆ ಈಗಾಗಲೇ ಹೊಳೆದಿರಬಹುದು. ಇಲ್ಲಿ ಛೇದದಲ್ಲಿ ಎಲ್ಲ ಚಿತ್ರಗಳೂ ಇವೆ, ಅದರಲ್ಲಿ ನಾರ್ಮಲ್ ಚಿತ್ರಗಳದ್ದೇ ದೊಡ್ಡ ಪಾಲು. ಮತ್ತೆ ಮತ್ತೆ ಎಕ್ಸ್-ರೇ ತೆಗೆಸಿಕೊಂಡವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಹಳೆಯ ರಿಪೋರ್ಟ್ ಕಣ್ಣೆದುರೇ ಇರುವುದರಿಂದ ಎರಡನೆಯವರ ಮನಸ್ಸು ಅತ್ತ ವಾಲುತ್ತದೆ. ಅದನ್ನು ಬರೆದವರು ಪಕ್ಕದ ಕೋಣೆಯ ಸಹೋದ್ಯೋಗಿಯಾಗಿದ್ದರೆ ಕಡಿಮೆ ಅಂಕ ಕೊಡಲು ಕೈ ಬರುವುದಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಅಂಕಗಳ ಬದಲು ಕಲಿಕೆಗೆ ಒತ್ತು ಕೊಟ್ಟಿದೆ. ಬಿಟ್ಟುಹೋದ ಪ್ರಕರಣಗಳನ್ನು ಹೆಸರು ತೆಗೆದು ಎಲ್ಲರೂ ಕೂಡಿ ನೋಡುವ ಸಭೆಗಳು ಅಲ್ಲಿವೆ. ಕಲಿಯಲು ಈ ಸಭೆಗಳು ಉತ್ತಮ. ಆದರೆ ಅಲ್ಲಿಗೆ ಬಂದ ಪ್ರಕರಣಗಳನ್ನು ಎಣಿಸಿ ಪ್ರಮಾಣ ಹೇಳಲಾಗದು, ಯಾಕೆಂದರೆ ಬಂದಿರುವುದು ಯಾರೋ ಗಮನಿಸಿದ್ದು ಮಾತ್ರ.

ವೈದ್ಯರನ್ನು ಒಬ್ಬೊಬ್ಬರಾಗಿ ಹೋಲಿಸಲು ಹೊರಟವರಿಗೆ ಇನ್ನೊಂದು ಗೋಡೆ ಎದುರಾಗುತ್ತದೆ. ಒಬ್ಬ ರೇಡಿಯಾಲಜಿಸ್ಟ್ ಓದಿದ ಚಿತ್ರಗಳಲ್ಲಿ ಒಂದು ವರ್ಷಕ್ಕೆ 30 ಕ್ಯಾನ್ಸರ್‌ಗಳಿದ್ದವು, 6 ಬಿಟ್ಟುಹೋದವು ಅಂದುಕೊಳ್ಳಿ. ಶೇ. 20. ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಅದೃಷ್ಟದ ಪಾತ್ರ ದೊಡ್ಡದು. ಶೇ. 95ರ ಭರವಸೆಯಲ್ಲಿ ಹೇಳುವುದಾದರೆ ಅವರ ನಿಜವಾದ ಪ್ರಮಾಣ ಶೇ. 8ರಿಂದ ಶೇ. 39ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪಕ್ಕದವರು 30ರಲ್ಲಿ 3 ಬಿಟ್ಟರು ಎಂದ ಮಾತ್ರಕ್ಕೆ ಅವರು ಎರಡು ಪಟ್ಟು ಉತ್ತಮ ಎನ್ನಲಾಗದು. ಇಂಥ ಅಂಕಿ ಇಟ್ಟುಕೊಂಡು ವೈದ್ಯರ ರ‍್ಯಾಂಕ್ ಪಟ್ಟಿ ಮಾಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅದರಿಂದ ಕಲಿಕೆ ಆಗುವುದಿಲ್ಲ, ಹೆದರಿಕೆ ಹುಟ್ಟುತ್ತದೆ. ಹೆದರಿದವರು ಪ್ರತಿ ರಿಪೋರ್ಟಿನ ಕೊನೆಗೂ ‘ಸಿ.ಟಿ. ಮಾಡಿಸಿ’ ಎಂದು ಬರೆಯತೊಡಗುತ್ತಾರೆ.

ಹಾಗಾದರೆ ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟರಾಯಿತು, ಉತ್ತರ ಗೊತ್ತಿರುವ ಚಿತ್ರಗಳನ್ನು ಕೊಟ್ಟು ಓದಿಸಿದರಾಯಿತು ಅನಿಸಬಹುದು. ಅದರಲ್ಲೂ ತೊಡಕಿದೆ. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಚಿತ್ರಗಳಲ್ಲಿ ರೋಗವಿದ್ದರೆ ಕಣ್ಣು ಚುರುಕಾಗಿರುತ್ತದೆ. ನಿಜ ಜೀವನದಲ್ಲಿ ಅದು ಅಪರೂಪ. ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ಸಾಮಾನ್ಯ ಜನರಿಗೆ ಚಿತ್ರಗಳಲ್ಲಿ ವಸ್ತು ಹುಡುಕುವ ಕೆಲಸ ಕೊಟ್ಟಿದ್ದರು. ವಸ್ತು ಅರ್ಧದಷ್ಟು ಚಿತ್ರಗಳಲ್ಲಿ ಇದ್ದಾಗ ಶೇ. 7ರಷ್ಟು ಸಲ ಬಿಟ್ಟುಹೋಯಿತು. ನೂರರಲ್ಲಿ ಒಂದು ಚಿತ್ರದಲ್ಲಿ ಮಾತ್ರ ಇದ್ದಾಗ ಶೇ. 30ರಷ್ಟು ಸಲ. 2013ರಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯ ಚಿತ್ರಗಳನ್ನು ಓದುವ ಪರಿಣತರಲ್ಲೂ ಇಂಥದ್ದೇ ಕಂಡಿತು: ರೋಗ ಹೆಚ್ಚಿದ್ದ ಪರೀಕ್ಷೆಯಲ್ಲಿ ಶೇ. 12, ಅದೇ ಚಿತ್ರಗಳನ್ನು ದಿನನಿತ್ಯದ ಕೆಲಸದ ನಡುವೆ ಸೇರಿಸಿದಾಗ ಶೇ. 30. ಎದೆಯ ಎಕ್ಸ್-ರೇ ಮೇಲೆ 2003ರಲ್ಲಿ ಪ್ರಕಟವಾದ ಪ್ರಯೋಗಾಲಯದ ಅಧ್ಯಯನದಲ್ಲಿ ಮಾತ್ರ ಈ ಪರಿಣಾಮ ಕಂಡಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಕೂತವರಿಗೆ ತಮ್ಮನ್ನು ಅಳೆಯುತ್ತಿದ್ದಾರೆ ಎಂದು ಗೊತ್ತಿರುತ್ತದೆ. ಅಲ್ಲಿ ಫೋನ್ ಕರೆ ಇಲ್ಲ, ಕಾಯುವ ರೋಗಿಯೂ ಇಲ್ಲ. ಪರೀಕ್ಷೆಯ ಅಂಕವನ್ನು ಕೆಲಸದ ಅಂಕ ಎಂದು ಓದಬಾರದು.

ಎಐ ಅನ್ನೇ ಅಳತೆಗೋಲು ಮಾಡಿದರೆ

ಈಗಿನ ಹೊಸ ಉಪಾಯ ಇದು. ಆಸ್ಪತ್ರೆಯಲ್ಲಿ ನಾರ್ಮಲ್ ಎಂದು ರಿಪೋರ್ಟ್ ಆದ ಸಾವಿರಾರು ಹಳೆಯ ಚಿತ್ರಗಳನ್ನು ಎಐಗೆ ಕೊಡುವುದು. ಅದು ಅನುಮಾನ ಪಟ್ಟವನ್ನು ಮಾತ್ರ ಮನುಷ್ಯರು ಮತ್ತೆ ನೋಡುವುದು. ಬಿಟ್ಟುಹೋದ ಗಂಟುಗಳನ್ನು ಹುಡುಕಿ ರೋಗಿಯನ್ನು ಕರೆಸಲು ಇದು ಒಳ್ಳೆಯ ದಾರಿ. ಮಾಡಬೇಕು ಕೂಡ. ಆದರೆ ಇದರಿಂದ ಬಂದ ಸಂಖ್ಯೆಯನ್ನು ಕಣ್ತಪ್ಪಿನ ಪ್ರಮಾಣ ಎನ್ನಲಾಗದು. ವೈದ್ಯರೂ ಬಿಟ್ಟು, ಎಐ ಕೂಡ ಬಿಟ್ಟದ್ದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಇಬ್ಬರಿಗೂ ಕಷ್ಟವಾಗುವ ಜಾಗಗಳು ಒಂದೇ ಆಗಿದ್ದರೆ ಆ ಭಾಗ ಸಣ್ಣದೇನಲ್ಲ.

ಎಐ ಕಲಿತದ್ದು ಯಾರಿಂದ ಎಂದೂ ಕೇಳಬೇಕು. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 30,805 ರೋಗಿಗಳ 1,12,120 ಎದೆಯ ಚಿತ್ರಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಈ ಕ್ಷೇತ್ರ ಬೆಳೆಯಲು ಅದು ದೊಡ್ಡ ಉಪಕಾರ. ಆದರೆ ಪ್ರತಿ ಚಿತ್ರದ ರೋಗದ ಹೆಸರನ್ನು ಹಳೆಯ ರಿಪೋರ್ಟ್‌ಗಳ ಬರಹದಿಂದ ಕಂಪ್ಯೂಟರ್ ಹೆಕ್ಕಿತ್ತು. ರಿಪೋರ್ಟ್ ಬರೆದವರು ಬಿಟ್ಟದ್ದು ಅಲ್ಲೂ ಬಿಟ್ಟೇ ಇರುತ್ತದೆ. ಅಂಥ ದತ್ತಾಂಶದ ಮೇಲೆಯೇ ಕಲಿತು, ಅದರ ಮೇಲೆಯೇ ಪರೀಕ್ಷೆ ಬರೆದ ಎಐ, ಮನುಷ್ಯರು ಬಿಟ್ಟದ್ದನ್ನು ಹಿಡಿದರೆ ಅದಕ್ಕೆ ತಪ್ಪು ಅಂಕ ಬೀಳುತ್ತದೆ. ಮನುಷ್ಯರ ತಪ್ಪನ್ನೇ ಮತ್ತೆ ಮಾಡಿದರೆ ಪೂರ್ತಿ ಅಂಕ.

ಸರಿಯಾದ ದಾರಿಯ ಉದಾಹರಣೆಯೂ ಇದೆ. ಬಾಂಗ್ಲಾದೇಶದ ಢಾಕಾದಲ್ಲಿ 23,954 ಜನರ ಎಕ್ಸ್-ರೇಗಳ ಮೇಲೆ ಐದು ಎಐ ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಸತ್ಯವನ್ನು ನಿರ್ಧರಿಸಿದ್ದು ಇನ್ನೊಬ್ಬ ರೇಡಿಯಾಲಜಿಸ್ಟ್ ಅಲ್ಲ. ಕಫದಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕುವ ‘ಎಕ್ಸ್‌ಪರ್ಟ್’ (Xpert) ಎಂಬ ಹೆಸರಿನ ಪರೀಕ್ಷೆ. ಎಕ್ಸ್-ರೇಯಲ್ಲಿ ಏನು ಕಂಡಿತು ಎಂಬುದನ್ನು ನೋಡದೆ ಎಲ್ಲರಿಗೂ ಆ ಪರೀಕ್ಷೆ ಮಾಡಿದರು. ಹಾಗಾಗಿ ‘ಮನೆಗೆ ಹೋದವರು’ ಎಂಬ ಕತ್ತಲ ಗುಂಪೇ ಉಳಿಯಲಿಲ್ಲ. ಆ ಹೋಲಿಕೆಯಲ್ಲಿ ಐದೂ ಸಾಫ್ಟ್‌ವೇರ್‌ಗಳು ರೇಡಿಯಾಲಜಿಸ್ಟ್‌ಗಳಿಗಿಂತ ಮುಂದಿದ್ದವು. ಅಳತೆ ಸರಿಯಿದ್ದುದರಿಂದ ಆ ಫಲಿತಾಂಶಕ್ಕೆ ತೂಕವಿದೆ. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಗೆ ಇಂಥ ಸಾಫ್ಟ್‌ವೇರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ವರ್ಷ ಹೇಳಿತು.

ಒಂದು ಆಸ್ಪತ್ರೆ ಶುರು ಮಾಡುವುದಾದರೆ

ಕ್ಯಾನ್ಸರ್ ಆಗಲಿ ಬೇರೆ ಅಸಹಜತೆಯಾಗಲಿ, ಎಲ್ಲರಿಗೂ ಸಿ.ಟಿ. ಮಾಡಿ ಸತ್ಯ ತಿಳಿಯುವುದು ಸಾಧ್ಯವಿಲ್ಲ. ಆದರೆ ನಾರ್ಮಲ್ ಎಂದು ಬರೆದ ಚಿತ್ರಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಹಳೆಯ ರಿಪೋರ್ಟ್ ಮುಚ್ಚಿಟ್ಟು, ಇಬ್ಬರಿಂದ ಓದಿಸಬಹುದು. ಸಾಧ್ಯವಿದ್ದಲ್ಲಿ ಆಮೇಲಿನ ಸಿ.ಟಿ., ಕ್ಯಾನ್ಸರ್ ನೋಂದಣಿಯ ದಾಖಲೆಗಳ ಜೊತೆ ತಾಳೆ ನೋಡಬಹುದು. ನಮ್ಮ 1,000 ಚಿತ್ರಗಳಲ್ಲಿ 930ಕ್ಕೆ ನಾರ್ಮಲ್ ರಿಪೋರ್ಟ್ ಆಗಿತ್ತಲ್ಲ, ಅದರಲ್ಲಿ 200 ಆರಿಸಿ ಓದಿದಾಗ 6ರಲ್ಲಿ ತೊಂದರೆ ಸಿಕ್ಕಿತು ಅಂದುಕೊಳ್ಳಿ. ಆ ಲೆಕ್ಕದಲ್ಲಿ 930ರಲ್ಲಿ ಸುಮಾರು 28 ಬಿಟ್ಟುಹೋಗಿವೆ. ಹಿಡಿದದ್ದು 70, ಬಿಟ್ಟದ್ದು 28. ಕಣ್ತಪ್ಪಿದ ಪ್ರಮಾಣ ಶೇ. 29ರಷ್ಟು. ನಿಜವಾದ ಶೇ. 30ಕ್ಕೆ ಎಷ್ಟು ಹತ್ತಿರ ಬಂತು ನೋಡಿ. ಅನಿಶ್ಚಿತತೆ ಇನ್ನೂ ದೊಡ್ಡದಿದೆ: ಬಿಟ್ಟುಹೋದದ್ದು ಸುಮಾರು 10ರಿಂದ 60ರವರೆಗೆ ಇರಬಹುದು. ಚಿತ್ರಗಳ ಸಂಖ್ಯೆ ಹೆಚ್ಚಿಸಿದರೆ, ಹಲವು ಆಸ್ಪತ್ರೆಗಳು ಲೆಕ್ಕ ಕೂಡಿಸಿದರೆ ಅದು ಕಿರಿದಾಗುತ್ತದೆ. ಸಂಖ್ಯೆ ಪ್ರಕಟಿಸುವಾಗ ಆ ಅಗಲವನ್ನೂ ಜೊತೆಗೇ ಹೇಳಬೇಕು.

ಹೀಗೆ ಹುಡುಕಲು ಹೊರಟವರು ಮೊದಲೇ ತೀರ್ಮಾನಿಸಬೇಕಾದ ಒಂದು ವಿಷಯವಿದೆ. ಹಳೆಯ ಚಿತ್ರದಲ್ಲಿ ಗಂಟು ಸಿಕ್ಕಿತು, ರೋಗಿಗೆ ಯಾರು ಹೇಳುತ್ತಾರೆ? ಐರ್ಲೆಂಡಿನ ಕೆರ್ರಿಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಕೆಲವು ಕ್ಯಾನ್ಸರ್‌ಗಳು ಬಿಟ್ಟುಹೋದದ್ದು ಗೊತ್ತಾದ ಮೇಲೆ 2017ರಲ್ಲಿ 46,000ಕ್ಕೂ ಹೆಚ್ಚು ಎಕ್ಸ್-ರೇ ಮತ್ತು ಸ್ಕ್ಯಾನ್‌ಗಳನ್ನು ಮತ್ತೆ ಓದಿಸಿದರು. ಒಟ್ಟು 11 ಜನರಿಗೆ ರೋಗ ಪತ್ತೆಯಾಗುವುದು ತಡವಾಗಿದ್ದದ್ದು ಹೊರಬಂತು. ಅಷ್ಟು ಚಿತ್ರಗಳಿಗೆ 11 ಎಂದು ಭಾಗಾಕಾರ ಮಾಡಿದರೆ ಸಿಗುವ ಸಂಖ್ಯೆ ತೀರಾ ಸಣ್ಣದು. ಆದರೆ ಆ 11 ಜನರಿಗೆ ಫೋನ್ ಮಾಡಬೇಕಿತ್ತು, ಕರೆಸಿ ಕೂರಿಸಿ ವಿಷಯ ಹೇಳಬೇಕಿತ್ತು, ಚಿಕಿತ್ಸೆಯ ದಾರಿ ತೋರಿಸಬೇಕಿತ್ತು. ಹಾಗಾಗಿ ಎಣಿಕೆ ಶುರುವಾಗುವ ಮೊದಲೇ ಮೂರು ವಿಷಯ ಬರಹದಲ್ಲಿರಬೇಕು: ಯಾವ ಮಟ್ಟದ ಗುರುತು ಸಿಕ್ಕರೆ ರೋಗಿಯನ್ನು ಕರೆಸುತ್ತೇವೆ, ಎಷ್ಟು ದಿನದೊಳಗೆ ಕರೆಸುತ್ತೇವೆ, ಆ ಮಾತು ಆಡುವ ವೈದ್ಯರು ಯಾರು.